ಸೊಟ್ಟ ಮುಖದ ಖಾನೆಗಳು

ವ್ಯಾಪಾರದಲ್ಲಿ ಲಾಭ ಬರುವುದು ಬಿಡುವುದು ಪೇಟೆಯ ಕೈಯಲ್ಲಿದೆ. ನಗೆಪಾಟಲು ಮಾತ್ರ ಯಾವ ಧಾರಣೆಗೂ ಕಾಯದೆ ತಾನೇ ಮನೆ ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಗೆ ಅದು ಬಂದದ್ದು ಒಂದು ಕಪಾಟಿನ ಜೊತೆ.

ಯುದ್ಧದ ಕಾಲ. ನಾನು ಆದೋನಿಯ ಹತ್ತಿ ದಲಾಲಿ ಬಿಟ್ಟು ಓಮ, ಶುಂಠಿ, ಲವಂಗ, ಇಂಗು ಮಾರುವ ಔಷಧಿ ಸಾಮಾನಿನ ಅಂಗಡಿ ಇಡಲು ಹೊರಟಿದ್ದೆ. ಇಂಥ ಅಂಗಡಿ ನಡೆಯಬೇಕಾದರೆ ಔಷಧ ಹೇಳುವವರ ಕೃಪೆ ಬೇಕು. ನಮ್ಮ ಓಣಿಯ ತುದಿಗೆ ನಾಡಿ ನೋಡುವ ಒಬ್ಬ ವೈಷ್ಣವ ಪಂಡಿತರಿದ್ದರು. ಅವರು ಕರಾರು ಹಾಕಿದರು.

"ಶೆಟ್ಟರ, ಒಂದೊಂದು ಸಾಮಾನಿಗೆ ಒಂದೊಂದು ಖಾನಿ ಇರಬೇಕು. ಖಾನಿ ಬಿಗಿಯಾಗಿ ಮುಚ್ಚಬೇಕು. ಇಂಗಿನ ವಾಸನಿ ಲವಂಗಕ್ಕ ಹತ್ತಿದ್ರ ನನ್ನ ಔಷಧ ಕೆಡ್ತದ. ದೀಪಾವಳಿ ಪೂಜಾಕ್ಕ ಬಂದು ಮೂಸಿ ನೋಡ್ತೀನಿ. ಸರಿ ಇದ್ರ ನನ್ನ ರೋಗಿಗಳು ನಿಮ್ಮ ಅಂಗಡಿಗೆ. ಇಲ್ಲಾಂದ್ರ ಎಮ್ಮಿಗನೂರಿನ ಅಂಗಡಿಗೆ."

ಊರಿನ ಬಡಿಗರೆಲ್ಲ ಮಿಲಿಟರಿಗೆ ಪೆಟ್ಟಿಗೆ ಬಡಿಯಲು ಹೋಗಿದ್ದರು. ಪೆಟ್ಟಿಗೆ ಬಡಿಯುವುದೇನು ಮಹಾ ವಿದ್ಯೆ ಅಂದುಕೊಂಡು ನಾನೇ ಗರಗಸ ಹಿಡಿದೆ.

ಬೆಲ್ಲದ ಅಂಟು

ಚಹಾದ ಪೆಟ್ಟಿಗೆ ಕೊಯ್ದು ಕಪಾಟಿಗೆ ಎಳೆದು ಮುಚ್ಚುವ ಖಾನೆ ಮಾಡಿದೆ. ಚೌಕಟ್ಟಿನೊಳಗೆ ಅವು ಸರಾಗವಾಗಿ ಓಡಾಡಿದವು. ಇನ್ನು ಉಳಿದದ್ದು ಮುಖ. ಹಳೆಯ ಬಾಗಿಲೊಂದನ್ನು ಸೀಳಿ ಒಂದೊಂದು ಖಾನೆಗೆ ಒಂದೊಂದು ಚಂದದ ಮುಖಹಲಗೆ ಕೊಯ್ದಿಟ್ಟಿದ್ದೆ. ಅದನ್ನು ಖಾನೆಯ ಮುಂದೆ ಸರಿಯಾದ ಜಾಗದಲ್ಲಿ ಕೂಡಿಸಿ, ಖಾನೆಯ ಒಳಗಿನಿಂದ ಸ್ಕ್ರೂ ಬಿಗಿಯಬೇಕು. ಬಿಗಿಯುವ ತನಕ ಮುಂದಿನಿಂದ ಹಲಗೆ ಹಿಡಿಯುವವರು ಯಾರು? ಖಾನೆಯ ಒಳಗೂ ನಾನೇ, ಹೊರಗೂ ನಾನೇ ಇರಲು ಆಗದು.

ನನ್ನಾಕಿ ಉಪಾಯ ಹೇಳಿದಳು: "ಬೆಲ್ಲದ ಪಾಕ ಹಚ್ಚಿ ಅಂಟಸ್ರಿ. ಆರಿದ ಮ್ಯಾಲೆ ಕಲ್ಲಾಗತೈತಿ. ಆಮ್ಯಾಲೆ ನಿಧಾನಕ್ಕ ಸ್ಕ್ರೂ ಹಾಕ್ಕೋಬಹುದು."

ಆದೋನಿಯ ಬಿಸಿಲನ್ನು ಇಬ್ಬರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಧ್ಯಾಹ್ನಕ್ಕೆ ಪಾಕ ಕರಗಿ ಮುಖಗಳೆಲ್ಲ ಕಣ್ಣೀರು ಹಾಕುತ್ತ ಕೆಳಗೆ ಜಾರಿದವು. ಹೊಸ್ತಿಲಿನಿಂದ ಕಪಾಟಿನ ತುದಿಯವರೆಗೆ ಇರುವೆಗಳ ಸಾಲು.

ಆಕೆ ಸೊಂಟದ ಮೇಲೆ ಕೈಯಿಟ್ಟು ಅಂದಳು: "ಇಡೀ ಕಪಾಟಿನಾಗ ನೆಟ್ಟಗ ಇರೋದು ಇರಿವಿ ಸಾಲು ಒಂದ."

ಆಟೀನ್ ರಾಣಿ

ಅಂಟು ಬೇಡ, ಸಂದಿಗೆ ಬೆಣೆ ಕೊಡೋಣ ಅನ್ನಿಸಿತು. ಮುಖಹಲಗೆಯ ಸುತ್ತ ಚೌಕಟ್ಟಿಗೂ ಅದಕ್ಕೂ ನಡುವೆ ಎಲ್ಲ ಕಡೆ ಒಂದೇ ಸಮ ಸಂದು ಬಿಟ್ಟರೆ ಖಾನೆ ತಿಕ್ಕದೆ ಮುಚ್ಚುತ್ತದೆ. ಅದಕ್ಕೆ ಒಂದೇ ದಪ್ಪದ ತೆಳ್ಳಗಿನ ವಸ್ತು ಬೇಕು. ಇಸ್ಪೀಟೆಲೆಗಿಂತ ಒಳ್ಳೆಯದು ಯಾವುದಿದೆ? ಹತ್ತಿ ಗಿರಣಿಯ ಗುಮಾಸ್ತನಿಂದ ಒಂದು ಕಟ್ಟು ಕಡ ತಂದು ಸಂದುಸಂದಿನಲ್ಲಿ ಸಿಗಿಸಿದೆ. ಎಲೆಗಳು ಅರ್ಧ ಹೊರಗೆ ಇಣುಕುತ್ತಿದ್ದವು. ಅಂಗಡಿಯ ಬಾಗಿಲು ಬೀದಿಗೆ ತೆರೆದಿತ್ತು.

ಸುದ್ದಿ ಹೊಳಗುಂದಕ್ಕೆ ಹೋಗಿ ನಮ್ಮ ಮಾವನವರ ಕಿವಿ ಮುಟ್ಟಿತು: ಅಳಿಯ ಔಷಧಿ ಅಂಗಡಿಯ ಹೆಸರಿನಲ್ಲಿ ಜೂಜಿನ ಕಟ್ಟೆ ಇಟ್ಟಾನೆ, ಗೋಡೆಗೆಲ್ಲ ಎಲೆ ಜಡಿದಾನೆ. ಮರುದಿನವೇ ಬಂಡಿ ಕಟ್ಟಿಸಿಕೊಂಡು ಬಂದರು. ಚಪ್ಪಲಿಯನ್ನೂ ಬಿಡಲಿಲ್ಲ.

"ಅಳಿಯಂದ್ರ! ನಮ್ಮ ಮನೆತನದಾಗ ಇದನ್ನ ಮುಟ್ಟಿದವರಿಲ್ಲ. ನಾ ಅಂತೂ ಕಣ್ಣಿಲೆ ಸೈತ ನೋಡಿದಾಂವಲ್ಲ!"

"ಮಾವ, ಸ್ವಲ್ಪ ತಡಕೊಳ್ರಿ. ಇದು ಆಟಕ್ಕಲ್ಲ, ಸಂದಿಗೆ," ಅನ್ನುತ್ತ ನಾನು ಸ್ಕ್ರೂ ಬಿಗಿದಂತೆಲ್ಲ ಎಲೆಗಳನ್ನು ಎಳೆದು ಅವರ ಕೈಗೆ ಕೊಡುತ್ತ ಬಂದೆ. ಕೊನೆಯ ಎಲೆ ಕೈಗೆ ಬಂದದ್ದೇ ತಡ, ಮಾವನವರು ಎಲ್ಲವನ್ನೂ ಕೂಡಿಸಿ, ಮೊಣಕಾಲ ಮೇಲೆ ತಟ್ಟಿ, ಬೀಸಣಿಗೆಯ ಹಾಗೆ ಬಿಡಿಸಿ ಒಮ್ಮೆ ಕಣ್ಣು ಹಾಯಿಸಿದರು.

"ಕಟ್ಟು ಪೂರಾ ಇಲ್ಲ. ಆಟೀನ್ ರಾಣಿ ಎಲ್ಲೈತಿ?"

ಒಳಗಿನಿಂದ ಅವರ ಮಗಳ ದನಿ ಬಂತು: "ಅಪ್ಪಾ, ಕಣ್ಣಿಲೆ ಸೈತ ನೋಡಿಲ್ಲಂದಿ?"

ಮಾವನವರು ಆವತ್ತು ಊಟಕ್ಕೂ ನಿಲ್ಲಲಿಲ್ಲ.

ಮೂಗಿನ ಪರೀಕ್ಷೆ

ಪೂಜೆ ಹತ್ತಿರ ಬಂತು. ಪಂಡಿತರು ಆ ಕಡೆ ಹೋಗುವಾಗ ತಾವಾಗಿಯೇ ಒಳಗೆ ಬಂದರು. ನಾನು ಸಾಮಾನೆಲ್ಲ ತುಂಬಿಟ್ಟಿದ್ದೆ. ದೂರದಿಂದ ನೋಡಿದರೆ ಕಪಾಟು ಕಪಾಟಿನಂತೆಯೇ ಇತ್ತು. ಅವರು ಕಣ್ಣು ಮುಚ್ಚಿ ಲವಂಗದ ಖಾನೆ ಎಳೆದು ಮೂಸಿದರು.

"ಇಂಗು."

ಶುಂಠಿಯ ಖಾನೆ ಎಳೆದರು. "ಇಂಗು." ಜೀರಿಗೆಯ ಖಾನೆ. "ಇಂಗು."

ನಾನು ಸುಮ್ಮನಿರಲಾರದೆ ಇಂಗಿನ ಖಾನೆಯನ್ನೇ ಅವರ ಮೂಗಿನ ಕೆಳಗೆ ಹಿಡಿದೆ. "ಇದು?"

"ಇದರಾಗ ಅಂಥಾ ವಾಸನಿ ಏನಿಲ್ಲ. ಎಲ್ಲಾ ಊರಿಗೆ ಹಂಚಿ ಬಂದದ!"

ಮಾವನವರೆದುರು ಎಲೆ ಎಳೆಯುವ ಗಡಿಬಿಡಿಯಲ್ಲಿ ಸೊಟ್ಟ ಕೂತ ಮುಖಗಳು ಚೌಕಟ್ಟಿಗೆ ತಾಗಿ ಒಳಕ್ಕೆ ಹೋಗದೆ ನಿಂತಿದ್ದವು. ಜೀರಿಗೆ ಖಾನೆಯ ಮುಖ ಬಿಚ್ಚಿದಾಗ ಆಟೀನ್ ರಾಣಿಯೂ ಸಿಕ್ಕಳು. ಹಲಗೆಯ ಹಿಂದೆ ಸ್ಕ್ರೂ ಚುಚ್ಚಿಸಿಕೊಂಡು ಕೂತಿದ್ದಳು. ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಖಾನೆಗಳ ತೂತುಗಳು ಅಗಲವಾಗಿ, ಸ್ಕ್ರೂ ಸಡಿಲಿಸಿದರೆ ಮುಖ ಬೇಕಾದ ಕಡೆಗೆ ಸರಿಯುತ್ತಿತ್ತು. ಆದರೆ ಯಾವ ಮುಖ ಎಷ್ಟು ಸರಿಯಬೇಕೋ ಕಣ್ಣಿಗೆ ತಿಳಿಯಲೊಲ್ಲದು. ಹಳೆಯ ಬಾಗಿಲಿನ ಗೀರು, ಗಂಟು, ಬಣ್ಣದ ತೇಪೆಗಳ ನಡುವೆ ನೋಟವೇ ಸೊಟ್ಟಾಗುತ್ತಿತ್ತು.

ಪಂಡಿತರು ಹೊರಡುತ್ತ ಅಂದರು: "ಶೆಟ್ಟರ, ಬಾಯಿ ಮುಚ್ಚದ ಖಾನಿ, ಬಾಯಿ ಮುಚ್ಚದ ರೋಗಿ, ಎರಡಕ್ಕೂ ನನ್ನ ಹತ್ರ ಔಷಧ ಇಲ್ಲ."

ಕಪಾಟಿನ ದೇವರು

ಪೂಜೆಯ ಮುಂಜಾನೆ. ನಾನು ಮತ್ತೆ ಹತ್ತಿ ದಲಾಲಿಗೇ ಹೋಗುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೂ ಪೂಜೆ ಬಿಡಲಾಗದು. ನನ್ನಾಕಿ ವಿಭೂತಿ ಕಲಸಿ ಪ್ರತಿ ಖಾನೆಯ ನಟ್ಟನಡುವೆ ಮೂರು ಬೆರಳಿನಿಂದ ಅಡ್ಡಗೀಟು ಎಳೆದಳು. ಹಿಂದೆ ಸರಿದು ನೋಡಿದೆವು. ಬಿಳಿಯ ಗೀಟುಗಳು ಒಂದು ಮೇಲೆ, ಒಂದು ಕೆಳಗೆ, ಆದೋನಿ ಗುಡ್ಡದ ಮೆಟ್ಟಿಲಿನ ಹಾಗೆ ಏರಿಳಿದಿದ್ದವು.

"ಈಗ ಕಾಣತೈತಲ್ರಿ, ಯಾವುದು ಏರೈತಿ ಯಾವುದು ಇಳದೈತಿ! ತಿರುವ್ರಿ ಸ್ಕ್ರೂ!"

ಗೀಟಿಗೆ ಗೀಟು ಸೇರಿಸುತ್ತ ಬಂದೆ. ಸಾಲೆಲ್ಲ ಸಮವಾಯಿತು. ಆದರೂ ಕೆಲವು ಖಾನೆ ಮುಚ್ಚಲೊಲ್ಲವು. ಅಷ್ಟರಲ್ಲಿ ಪಂಡಿತರು ಬಂದರು. ಕಪಾಟು ನೋಡಿ ಹುಬ್ಬೇರಿಸಿದರು.

"ಸಾಮಾನು ನಿಮ್ಮದು, ಖರೆ. ಔಷಧ ನಮ್ಮದಲ್ಲೇನು? ಬರೇ ವಿಭೂತಿ ಯಾಕ?"

"ನಿಮ್ಮದೂ ಹಚ್ರಿ ಪಂಡಿತರ. ಹಲಗಿಗೆ ಜಾತಿ ಇಲ್ಲ," ಅಂದೆ. ವ್ಯಾಪಾರಿ ಇಂಥಲ್ಲಿ ವಾದ ಮಾಡಬಾರದು.

ಅವರು ಗೋಪಿಚಂದನ ತೇದು ಒಂದೊಂದು ಖಾನೆಯ ನಡುವೆ ಉದ್ದನಾಮ ಎಳೆದರು. ನೋಡಿದರೆ ಮೇಲಿನಿಂದ ಕೆಳಗಿನವರೆಗೆ ನಾಮಗಳು ಹಾವಿನಂತೆ ಹರಿದಿದ್ದವು. ಎಡಕ್ಕೆ ಬಲಕ್ಕೆ ಸರಿದ ಮುಖಗಳೆಲ್ಲ ಸಿಕ್ಕಿಬಿದ್ದವು!

"ನಮ್ಮ ನಾಮ ಸೊಟ್ಟ ಮಾಡಿದ್ರಿ ನೀವು!" ಅಂತ ಪಂಡಿತರು ಮಡಿಪಂಚೆ ಎತ್ತಿ ಕಟ್ಟಿದರು. ತಾವೇ ಹಲಗೆ ಹಿಡಿದು "ಎಡಕ್ಕ... ಇನ್ನೊಂದು ಎಳ್ಳಿನಷ್ಟು... ಬಿಗೀರಿ" ಅನ್ನುತ್ತ ಕೂತರು. ಕೊನೆಯ ನಾಮ ನೆಟ್ಟಗಾದಾಗ ಎಲ್ಲ ಖಾನೆಗಳೂ ಟಪ್ ಅಂತ ಮುಚ್ಚಿದವು. ಸಾಮಾನು ಹೊಸದಾಗಿ ತುಂಬಿ ಊಟದ ಹೊತ್ತು ಕಳೆದ ಮೇಲೆ ಪಂಡಿತರು ಮೂಸಿದರು.

"ಲವಂಗ," ಅಂದರು. ನನ್ನಾಕಿ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವರು ಕಳಿಸಿದ ಮೊದಲ ರೋಗಿ ನಾಗಲದಿನ್ನೆಯ ಒಬ್ಬ ಮುದುಕಪ್ಪ. ಹೊಟ್ಟೆನೋವು. ಒಳಗೆ ಬಂದವನೇ ವಿಭೂತಿ ನಾಮ ಎರಡೂ ಇದ್ದ ಕಪಾಟು ನೋಡಿ ಕೈ ಮುಗಿದ.

"ಏ ದೇವುಡಯ್ಯಾ ಇದಿ? ಯಾವ ದೇವರ್ರೀ?"

"ದೇವರಲ್ಲ ಯಜಮಾನ್ರ, ಓಮ," ಅಂದು ಕಟ್ಟಿಕೊಟ್ಟೆ.

ನೋವು ಹೋಯಿತು. ಮುದುಕಪ್ಪ ತೆಂಗಿನಕಾಯಿ ಹಿಡಿದು ಮತ್ತೆ ಬಂದ. ಪಂಡಿತರು ಅಲ್ಲೇ ಕೂತಿದ್ದರು. "ಕಾಯಿ ನನಗೇನಪ್ಪಾ?" ಅಂದರು.

"ನೀವು ಬರೇ ಹೇಳಿದ್ರಿ ಸ್ವಾಮಿ. ಕೊಟ್ಟದ್ದು ಅದು," ಅಂದವನೇ ಕಪಾಟಿನ ಬುಡದಲ್ಲಿ ಢಣ್ ಅಂತ ಕಾಯಿ ಒಡೆದ. ಆ ಪೆಟ್ಟಿಗೆ ಕೆಳಗಿನ ಮೂಲೆಯ ಖಾನೆಯ ಮುಖ ಜರ್ರನೆ ಸೊಟ್ಟಾಯಿತು.

ಮೂವರೂ ಎದ್ದೆವು. ನನ್ನಾಕಿ ವಿಭೂತಿ ತಂದಳು, ಪಂಡಿತರು ಗೋಪಿಚಂದನ ತೆಗೆದರು, ನಾನು ಸ್ಕ್ರೂಡ್ರೈವರ್ ಹಿಡಿದು ಕಪಾಟಿನ ಮುಂದೆ ಮಂಡಿಯೂರಿದೆ.

ಮುದುಕಪ್ಪ ಚಿಪ್ಪು ಆರಿಸಿಕೊಳ್ಳುತ್ತ ತಲೆದೂಗಿದ: "ಸುಮ್ಮನ ನೋವು ಹೋತೇನು? ನಮ್ಮೂರ ದೇವರಿಗೆ ಒಬ್ಬ ಪೂಜಾರಿ ಸಿಗವಲ್ಲ, ಇದಕ್ಕ ಮೂರು ಮಂದಿ!"