ಎದೆಯೊಳಗೂ ಕೊನೆ ಭಾಗದವರು

ತುಂಗಭದ್ರೆಯ ದಡದಲ್ಲಿ ಅರ್ಧ ಹರಿಯಾಗಿ, ಅರ್ಧ ಹರನಾಗಿ ಒಂದೇ ಮೈಯಲ್ಲಿ ನಿಂತ ಹರಿಹರದ ಸ್ವಾಮಿಗೆ ಮೊದಲು ಕೈಮುಗಿದು ಶುರು ಮಾಡುತ್ತೇನೆ.

ದಾವಣಗೆರೆಯ ಒಂದು ಹೃದಯದ ಆಸ್ಪತ್ರೆಯಲ್ಲಿ ನಾನು ಟೆಕ್ನಿಷಿಯನ್. ಅಲ್ಲಿಗೆ ಯಾರೂ ನಗಲು ಬರುವುದಿಲ್ಲ. ಆದರೂ ನಗು ಬರುವಂಥದ್ದು ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಕಾಯಿಲೆಯ ಜೊತೆ ಅದನ್ನೂ ಕಟ್ಟಿ ಕಳಿಸುವವನು ಆ ಸ್ವಾಮಿಯೇ ಎಂದು ನಂಬಿದವನು ನಾನು.

ನನ್ನ ಕೆಲಸ ಎಣಿಸುವುದು. ಹೃದಯದ ಕಟ್ಟಿಕೊಂಡ ರಕ್ತನಾಳಕ್ಕೆ ಡಾಕ್ಟರು ಸ್ಟೆಂಟ್ ಹಾಕಿ ದಾರಿ ಬಿಡಿಸುತ್ತಾರೆ. ಆಮೇಲೆ ಅದರೊಳಗೆ ಔಷಧಿ ಬಿಟ್ಟು ಎಕ್ಸ್‌ರೇ ವಿಡಿಯೊ ತೆಗೆಯುತ್ತಾರೆ. ಆ ಔಷಧಿ ನಾಳದ ಬುಡದಿಂದ ತುದಿ ಮುಟ್ಟುವಷ್ಟರಲ್ಲಿ ವಿಡಿಯೊದ ಎಷ್ಟು ಚಿತ್ರ ಸರಿದವು ಎಂದು ನಾನು ಎಣಿಸುತ್ತೇನೆ. ಒಂದೊಂದು ಚಿತ್ರಕ್ಕೂ ಮನಸ್ಸಿನಲ್ಲೇ ಒಂದು ‘ನಮಃ ಶಿವಾಯ’. ಚಿತ್ರ ಕಡಿಮೆಯಾದಷ್ಟೂ ರಕ್ತದ ಹರಿವು ಚುರುಕು. ಹರಿವು ನಿಧಾನವಾದವರು ಮುಂದೆ ಹೇಗಿರುತ್ತಾರೆ ಎಂದು ತಿಳಿಯಲು ನಮ್ಮ ದೊಡ್ಡ ಡಾಕ್ಟರು ಒಂದು ಪಟ್ಟಿ ಇಟ್ಟಿದ್ದಾರೆ. ಪಟ್ಟಿಯಲ್ಲಿರುವವರಿಗೆ ಒಂದು ವರ್ಷ ಫೋನ್ ಮಾಡಿ ವಿಚಾರಿಸುವುದೂ ನನ್ನದೇ ಪಾಲು.

ಮೂರನೇ ದರ್ಜೆ

ಹರಿವಿಗೆ ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಡುವ ಪದ್ಧತಿಯೂ ಇದೆ. ಅದರಲ್ಲಿ ಮೂರೇ ಎಲ್ಲಕ್ಕಿಂತ ಮೇಲು. ಮಾಯಕೊಂಡದ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಸ್ಟೆಂಟ್ ಹಾಕಿ ಮುಗಿಸಿ, ಡಾಕ್ಟರು ಸಂತೋಷದಿಂದ, "ಮೂರನೇ ದರ್ಜೆ ಬಂದೈತ್ರಿ ಮಾಸ್ತರೇ" ಎಂದರು.

ಮಾಸ್ತರರ ಮುಖ ಇಳಿದುಹೋಯಿತು. "ಡಾಕ್ಟ್ರೇ, ನಾನು ಓದೋವಾಗ ಒಂದನೇ ದರ್ಜೆ ಬಿಟ್ಟು ಇಳಿದೋನಲ್ಲ. ಇನ್ನೊಂದ್ಸಲ ನೋಡ್ರಿ."

ಇಲ್ಲಿ ಮೂರೇ ದೊಡ್ಡದು, ಒಂದು ಬಂದಿದ್ದರೆ ಎಲ್ಲರೂ ಗಾಬರಿಯಾಗುತ್ತಿದ್ದೆವು ಎಂದು ನಾನು ಕಾಲು ಗಂಟೆ ಬಿಡಿಸಿ ಹೇಳಿದೆ. ಅವರು ತಲೆದೂಗುತ್ತ ಕೇಳಿ, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನನಗೇನೋ ತಿಳೀತಪ್ಪ. ಆದ್ರೆ ಹೊರಗೆ ನಮ್ಮ ಮನೆಯಾಕಿ ಕುಂತಾಳೆ. ಆಕಿಗೆ ಒಂದು ಅಂತ್ಲೇ ಹೇಳು. ಆಕಿನೂ ಟೀಚರು."

ಮುಬಾರಕ್

ಕಡರನಾಯಕನಹಳ್ಳಿಯ ಅಜ್ಜನಿಗೆ ನನ್ನ ಎಣಿಕೆಯಲ್ಲಿ ಐವತ್ತೆರಡು ಚಿತ್ರ ಬಂತು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಮತ್ತೂ ಐವತ್ತೆರಡು. ಆ ಪಟ್ಟಿಯಲ್ಲಿ ಅಷ್ಟು ನಿಧಾನದ ಹರಿವು ಇನ್ನೊಬ್ಬರದ್ದಿರಲಿಲ್ಲ.

ಅಜ್ಜ ಭದ್ರಾ ನಾಲೆಯಲ್ಲಿ ಸೌಡಿಯಾಗಿದ್ದವರು. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದವರು. ವಾರ್ಡಿನಲ್ಲಿ ಅವರ ಪಕ್ಕದ ಮಂಚದ ಮೇಲೆ ಹರಿಹರದ ಬಳೆ ವ್ಯಾಪಾರಿ ಸಾಹೇಬರಿದ್ದರು. ಅವರದ್ದು ಇಪ್ಪತ್ತನಾಲ್ಕು. ಇಬ್ಬರ ಸಂಖ್ಯೆಯನ್ನೂ ಕೇಳಿಕೊಂಡ ಸಾಹೇಬರು, "ಮುಬಾರಕ್ ಅಜ್ಜಾ, ನನಗಿಂತ ಡಬಲ್ ತಗೊಂಡೀರಿ" ಎಂದು ಅಜ್ಜನ ಕೈಕುಲುಕಿದರು.

ಅಜ್ಜ ನನ್ನ ಹಣೆಯ ವಿಭೂತಿ ನೋಡಿ, ಮೊದಲ ದಿನವೇ ‘ಎಣಿಸೋ ಸ್ವಾಮಿ’ ಎಂದು ಹೆಸರಿಟ್ಟಿದ್ದರು. "ಎಣಿಸೋ ಸ್ವಾಮಿ, ನೀರು ಕೊನೆ ಮುಟ್ಟೋಕೆ ಎಷ್ಟು ಹೊತ್ತು ಹಿಡೀತು ಅಂತ ಅಲ್ಲೇನ್ರಿ ನೀವು ಎಣಿಸೋದು?"

"ಹೌದು ಅಜ್ಜಾ."

"ಹಂಗಾದ್ರೆ ಹೆಚ್ಚು ಬಂದ್ರೆ ಮುಬಾರಕ್ ಹೆಂಗಾಗ್ತೈತೆ?"

ಸಾಹೇಬರು ಮೆಲ್ಲಗೆ ಕೈ ಬಿಟ್ಟರು. ಅಜ್ಜನೇ ನಕ್ಕರು. "ಗೇಟು ತೆಗೆದೀರಿ, ಸಣ್ಣ ಕಾಲುವಿಗೆ ನೀರು ಏರವಲ್ಲದು. ಬದುಕೆಲ್ಲ ನಾಲಿ ಕೊನೆ ಭಾಗದ ರೈತರು ನನ್ನ ಬೈದಿದ್ದು ಇದಕ್ಕೇ. ಈಗ ನೋಡ್ರಿ, ನನ್ನ ಎದೆಯೊಳಗೇ ಬಂದು ಧರಣಿ ಕುಂತಾರೆ."

ಏಣಿ

ಡಾಕ್ಟರು, "ಸಂಖ್ಯೆ ಅಂದ್ರೆ ಹಣೆಬರಹ ಅಲ್ಲ ಅಜ್ಜಾ, ಗುಳಿಗೆ ಮಾತ್ರ ತಪ್ಪಿಸಬ್ಯಾಡ್ರಿ" ಎಂದು ಮನೆಗೆ ಕಳಿಸಿದರು. ನನಗೆ ಮಾತ್ರ ಐವತ್ತೆರಡು ಮನಸ್ಸಿನಿಂದ ಇಳಿಯಲಿಲ್ಲ. ಪಟ್ಟಿಯ ಪ್ರಕಾರ ಮೂರು ತಿಂಗಳಿಗೊಮ್ಮೆ ಫೋನ್ ಮಾಡಿದರೆ ಸಾಕು. ನಾನು ಪೂಜೆ ಮುಗಿಸಿ ಪ್ರತಿ ಸೋಮವಾರ ಮಾಡುತ್ತಿದ್ದೆ. ಆ ಕಡೆಯಿಂದ "ಹಲೋ" ಬರುವವರೆಗೆ ‘ನಮಃ ಶಿವಾಯ’ ಎಣಿಸುತ್ತಿದ್ದೆ.

ಕೇಳುವ ಪ್ರಶ್ನೆ ಯಾವಾಗಲೂ ಅವೇ. ಎದೆ ನೋವು ಐತಾ, ರಾತ್ರಿ ನಿದ್ದೆ ಬರುತ್ತಾ, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಾ.

"ನಮ್ಮ ಮನೆಗೆ ಮೆಟ್ಟಿಲಿಲ್ಲ, ಸ್ವಾಮಿ" ಎಂದರು ಅಜ್ಜ.

"ಫಾರಂನಲ್ಲಿ ಮೆಟ್ಟಿಲು ಅಂತಾನೇ ಐತೆ ಅಜ್ಜಾ."

ಮುಂದಿನ ಸೋಮವಾರ ಫೋನ್ ಎತ್ತಿದ್ದು ಅಜ್ಜಿ. "ನೀವು ಕೇಳಿದ್ರಿ ಅಂತ ಪಕ್ಕದ ಮನೆಯಿಂದ ಏಣಿ ತಂದು ಅಟ್ಟ ಹತ್ಯಾರ್ರಿ."

"ಅಜ್ಜೀ, ಮೊದಲು ಕೆಳಗಿಳಿಸ್ರಿ. ಸುಸ್ತಾಗೈತಾ ಅವರಿಗೆ?"

"ಹತ್ತೋವಾಗ ಏನೂ ಆಗಿಲ್ಲ ಅಂತಾರೆ. ಇಳಿಯೋದು ಹೆಂಗೆ ಅನ್ನೋದೇ ಚಿಂತಿ. ಏಣಿಯೋರು ಬಂದು ಏಣಿ ಒಯ್ದ್ರು."

ಮೂರು ದಿನ ಎತ್ತದ ಫೋನು

ಹಾಗೆ ವರ್ಷ ತುಂಬಿತು. ಕೊನೆಯ ಸಲ ವಿಚಾರಿಸಿ ಪಟ್ಟಿಯಲ್ಲಿ ಬರೆಯಬೇಕು. ಸೋಮವಾರದವರೆಗೆ ಕಾಯದೆ ಶ್ರಾವಣದ ಶನಿವಾರವೇ ಫೋನ್ ಮಾಡಿದೆ, ಎತ್ತಲಿಲ್ಲ. ಭಾನುವಾರ ಏಳು ಸಲ ಮಾಡಿದೆ, ರಿಂಗಾಗಿ ಸುಮ್ಮನಾಯಿತು. ಸೋಮವಾರ ಬೆಳಿಗ್ಗೆಯೂ ಅಷ್ಟೇ. ರಜೆ ಹಾಕಿ ಬಸ್ ಹತ್ತಿದೆ. ಹರಿಹರದಲ್ಲಿ ಇಳಿದು ಸ್ವಾಮಿಯ ಮುಂದೆ ನಿಂತು, "ನಾನು ಎಣಿಸಿದ್ದು ತಪ್ಪಾಗಿರಲಿ" ಎಂದು ಬೇಡಿಕೊಂಡೆ. ಅಲ್ಲಿಂದ ಆಟೊ.

ಅಜ್ಜನ ಮನೆಯ ಮುಂದೆ ಚಪ್ಪಲಿಗಳ ರಾಶಿ. ಕಟ್ಟೆಯ ಮೇಲೆ ಜನ ಸುಮ್ಮನೆ ಕುಳಿತಿದ್ದಾರೆ. ಅಜ್ಜಿ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ನನ್ನ ಎದೆ ಒಡೆದುಹೋಯಿತು. ಹತ್ತಿರ ಹೋಗಿ, "ಧೈರ್ಯ ತಂದ್ಕೊಳ್ರಿ ಅಜ್ಜೀ. ಅಜ್ಜಾರು ಪುಣ್ಯವಂತರು, ಶ್ರಾವಣದಾಗೆ ಶಿವನ ಪಾದ ಸೇರಿದ್ರು" ಎಂದೆ.

ಅಜ್ಜಿ ನನ್ನನ್ನೇ ನೋಡಿದರು. "ಯಾವಾಗ್ರಿ? ಈಗ ತಾನೇ ಲೋಬಾನದ ಹೊಗಿ ನನ್ನ ಕಣ್ಣಿಗೇ ಹಿಡಿದು ಒಳಗೆ ಹೋದ್ರಲ್ಲ."

ಒಳಗಿನಿಂದ ಅಜ್ಜನ ದನಿ ಬಂತು: "ಯಾರು ಬಂದಾರೆ?"

ಹೋಗಿ ನೋಡಿದರೆ ಪೂಜೆ ಮಾಡಿಸಲು ಬಂದ ಅಯ್ಯನೋರು ರುದ್ರ ಹೇಳುತ್ತಿದ್ದಾರೆ. ದೇವರ ಜಗಲಿಯ ಮೇಲೆ ಲಿಂಗದ ಪಕ್ಕದಲ್ಲಿ ಅಜ್ಜನ ಮೊಬೈಲು. ಅದಕ್ಕೆ ಮೂರು ಎಳೆ ವಿಭೂತಿ, ಒಂದು ಸೇವಂತಿಗೆ ಹೂವು.

"ಇದೇನಜ್ಜಾ?"

"ನಿಮ್ಮ ಸಲುವಾಗೇ ಸ್ವಾಮಿ" ಎಂದರು ಅಜ್ಜ. "ವಾರವಾರ ಫೋನ್ ಮಾಡ್ತೀರಿ, ನಾನು ಹಲೋ ಅಂದ್ರೆ ನಿಮ್ಮ ದನಿ ಅಳೋಕೆ ಬಂದಿರ್ತೈತೆ. ಪಾಪ, ಅವರಿಗೇ ಏನೋ ದೊಡ್ಡ ಬ್ಯಾನಿ ಆಗೈತೆ, ಹೇಳವಲ್ರು ಅಂತ ಮೂರು ದಿನದ ಅಭಿಷೇಕ ಹಿಡ್ಕೊಂಡೆ. ಅಯ್ಯನೋರು ಹೆಸರು, ನಕ್ಷತ್ರ ಕೇಳಿದ್ರು. ನನಗೆ ಗೊತ್ತಿರೋದು ನಿಮ್ಮ ನಂಬರ್ ಒಂದೇ."

ಅಯ್ಯನೋರು ಸಂಕೋಚದಿಂದ ಹೇಳಿದರು: "ಹತ್ತಂಕಿನೂ ಹೇಳಿ ಸಂಕಲ್ಪ ಮಾಡೀನ್ರಿ."

"ಮತ್ತೆ ಫೋನ್ ಯಾಕ ಎತ್ತಲಿಲ್ಲ?"

"ಜಗಲಿಗೆ ಏರಿದ್ದನ್ನ ಪೂಜಿ ಮುಗಿಯೋತನಕ ಮುಟ್ಟಂಗಿಲ್ಲಲ್ರಿ. ಮೂರು ದಿನದಿಂದ ನೀವು ನೇರ ದೇವರಿಗೇ ಫೋನ್ ಹಚ್ಚೀರಿ" ಎಂದರು ಅಜ್ಜ.

ಅಲ್ಲೇ ಕುಳಿತೆ. ಅಜ್ಜ ಎದುರಿಗೆ ಕೂತು, ನನ್ನ ಫಾರಂ ಬಾಯಿಪಾಠವಾಗಿದ್ದ ಹಾಗೆ ಶುರು ಮಾಡಿದರು.

"ಎದಿ ನೋವು ಐತಾ?"

"ಈಗ ಬಾಗಿಲಲ್ಲಿ ಸ್ವಲ್ಪ ಆಗಿತ್ತು."

"ರಾತ್ರಿ ನಿದ್ದಿ?"

"ಎರಡು ದಿನದಿಂದ ಇಲ್ಲ."

"ಮೆಟ್ಟಿಲು ಹತ್ತಿದ್ರೆ?"

"ನಿಮ್ಮ ಕಟ್ಟೆ ಹತ್ತೋಕೇ ಸುಸ್ತಾಯ್ತು."

ಅಜ್ಜ ಒಳಗೆ ತಿರುಗಿ ಅಜ್ಜಿಗೆ ಕೂಗಿ ಹೇಳಿದರು: "ನಾನು ಹೇಳಲಿಲ್ಲೇನು? ನನಗಿಂತ ಇವರ ಎದಿನೇ ಬಿಗಿ ಐತೆ. ಮೊದಲು ಪ್ರಸಾದ ತಾ. ಇನ್ನು ಮ್ಯಾಲೆ ಸೋಮವಾರ ಸೋಮವಾರ ನಾನೇ ಫೋನ್ ಮಾಡ್ತೀನಿ."

ಅವತ್ತು ಪಟ್ಟಿಯಲ್ಲಿ ಅಜ್ಜನ ಹೆಸರಿನ ಮುಂದೆ ‘ಆರಾಮ’ ಎಂದು ಬರೆದೆ. ಅವರ ಫೋನ್ ಇವತ್ತಿಗೂ ತಪ್ಪಿಲ್ಲ.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಎದೆಯ ಕೊನೆ ಭಾಗಕ್ಕೂ ನೀರು ತಪ್ಪದೆ ಹರಿಯಲಿ. ನಿಮ್ಮನ್ನೂ ವಾರಕ್ಕೊಮ್ಮೆ ವಿಚಾರಿಸುವವರೊಬ್ಬರನ್ನು ಹರಿಹರದ ಸ್ವಾಮಿ ಕೊಡಲಿ.