ಟಿವಿ ತುಂಬಿಸಲು ಹೋಗಿ ಮಾವನ ತಲೆ ಕಳೆದದ್ದು

ವಿಡಿಯೊ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಕೊಪ್ಪದಲ್ಲಿ ಇನ್ನೂ ಹುಟ್ಟಿಲ್ಲವೆಂದು ನಂಬಿದ್ದೆ. ಮದುವೆ ಮನೆಗಳಲ್ಲಿ ಲೈಟು ಹಿಡಿದು, ಊರೂರಿಗೆ ಕ್ಯಾಸೆಟ್ ಪ್ಲೇಯರ್ ಮಾರಿ, ಕೊನೆಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಡಿಜಿಟಲ್ ವಿಡಿಯೊ ಪಾಠ ಹೇಳುವವರೆಗೆ ಬಂದವನು ನಾನು. ನನ್ನ ಮೊದಲ ಪಾಠವೇ, "ಮೂಲ ಪ್ರತಿ ಅಳಿಸಬೇಡಿ."

ಹೆಂಡತಿ ಶಾರದೆಗೆ ತೀರಿಹೋದ ಅಪ್ಪನನ್ನು ಇನ್ನೊಮ್ಮೆ ನೋಡುವ ಆಸೆ. ಅವರು ನಡೆದಾಡುವ ಚಿತ್ರವಿದ್ದದ್ದು ನಮ್ಮ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಇನ್ನು ಪ್ಲೇಯರ್ ಯಾಕೆ? ಎಕ್ಸ್‌ಚೇಂಜಿಗೆ ಕೊಟ್ಟು, ಚೌಕಾಸಿ ಮಾಡಿ, ಅಗಲದ ಟಿವಿ ತಂದೆ.

ಹಳೆಯ ಚಿತ್ರ ಹಾಕಿದರೆ ಟಿವಿಯ ಎರಡೂ ಪಕ್ಕ ಕಪ್ಪು ಪಟ್ಟಿ! ಪೂರ್ತಿ ಟಿವಿಗೆ ದುಡ್ಡು ಕೊಟ್ಟವನು ನಾನು. ಬಿಡುತ್ತೇನೆಯೇ? ಚಿತ್ರವನ್ನು ಅಗಲಕ್ಕೆ ಹಿಗ್ಗಿಸಿದೆ. ಮೇಲೆ, ಕೆಳಗೆ ಸ್ವಲ್ಪ ಕತ್ತರಿಸಿಹೋಯಿತು. ಹೋದದ್ದು ಚಪ್ಪರ ಮತ್ತು ನೆಲ ತಾನೆ! ಜಾಗ ಉಳಿಸಲು ಕಂಪ್ಯೂಟರಿನಲ್ಲಿದ್ದ ಮೂಲ ಪ್ರತಿಯನ್ನೂ ಅಳಿಸಿದೆ.

ಎನ್.ಆರ್. ಪುರದಿಂದ ಶಾರದೆಯ ತಂಗಿ, ಅವಳ ಗಂಡ ರಾಜಪ್ಪ ಬಂದರು. ಎಲ್ಲರನ್ನೂ ಕೂರಿಸಿ ಮದುವೆಯ ವಿಡಿಯೊ ಹಾಕಿದೆ. ಧಾರೆಯ ಹೊತ್ತಿಗೆ ಬಿಳಿ ಪಂಚೆಯೊಂದು ನಡೆದು ಬಂತು. ಮೇಲೆ ಶಲ್ಯ. ಅದರ ಮೇಲೆ ಏನೂ ಇಲ್ಲ!

"ಅಪ್ಪ ಎಲ್ರೀ?" ಎಂದಳು ಶಾರದೆ.

"ಬಂದಾರಲ್ಲ ಅತ್ತಿಗೆ," ರಾಜಪ್ಪ ನಕ್ಕ. "ತಲೆ ಮನೇಲಿ ಬಿಟ್ಟು ಬಂದಾರೆ!"

ಮಾವ ಆರಡಿ ಆಳು. ನಾನು ಮಾತ್ರ ಬಾಸಿಂಗದ ಸಮೇತ ಪೂರ್ತಿ ಇದ್ದೆ. ಗಿಡ್ಡ ಇದ್ದದ್ದಕ್ಕೆ ಜೀವನದಲ್ಲಿ ಅದೊಂದೇ ಲಾಭ! ಆದರೆ ಶಾರದೆ ನಗಲಿಲ್ಲ. ಸೆರಗು ಕಣ್ಣಿಗೆ ಹೋಯಿತು.

ಮರುದಿನ ಕ್ಯಾಸೆಟ್ ಹಿಡಿದು ಶೃಂಗೇರಿ ಹತ್ತಿರದ ಮೆಣಸೆಗೆ ಓಡಿದೆವು. ಅಲ್ಲಿಯ ಸುಬ್ಬಣ್ಣನಿಗೆ ಹಿಂದೆ ನಾನೇ ಪ್ಲೇಯರ್ ಮಾರಿದ್ದೆ.

"ಒಂದು ದಿನಕ್ಕೆ ಕೊಡು ಮಾರಾಯ."

"ಎಂತ ಮಾರಾಯ್ರೆ! ಯಾರು ಕೇಳಿದ್ರೂ ಹೊರಗೆ ಕೊಡ್ಬೇಡ ಅಂದೋರು ನೀವೇ ಅಲ್ವಾ? ಬೇಕಾದ್ರೆ ಇಲ್ಲೇ ಕೂತು ನೋಡಿ."

ನನ್ನ ಉಪದೇಶವನ್ನು ಪಾಲಿಸಿದ ಏಕೈಕ ಮನುಷ್ಯ!

ಅವನ ಡಬ್ಬಿ ಟಿವಿಯಲ್ಲಿ ಚಪ್ಪರವೂ ಬಂತು, ನೆಲವೂ ಬಂತು. ನಡುವೆ ಮಾವ, ವೀಳ್ಯದೆಲೆಯಿಂದ ಕೆಂಪಾದ ತುಟಿಯ ಸಮೇತ. ಶಾರದೆ ಟಿವಿಯ ಹತ್ತಿರ ಜರುಗಿ ಗಾಜನ್ನು ಮುಟ್ಟಿದಳು.

ಅಷ್ಟರಲ್ಲಿ ಚಿತ್ರದ ಮಾವ ಧಾರೆಯ ಗಿಂಡಿ ಹಿಡಿದವರೇ ವರನಾಗಿ ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿದರು.

"ನೋಡ್ರೀ," ಶಾರದೆ ಕಣ್ಣೊರೆಸುತ್ತಲೇ ನಕ್ಕಳು, "ಅಪ್ಪಂಗೆ ಅವತ್ತೇ ಗೊತ್ತಾಗಿತ್ತು!"

ಆ ನೋಟವೊಂದನ್ನು ಕತ್ತರಿಸಿದ್ದರಲ್ಲಿ ಮಾತ್ರ ನನ್ನ ತಪ್ಪೇನಿರಲಿಲ್ಲ!