ಡೀಸೆಲ್ ಮೀಟರಿಗೆ ಅರಿಷಿಣ ಕುಂಕುಮ

ಎಲ್ಲ ರಾದ್ಧಾಂತ ಆದದ್ದು ಒಂದು ಚಿಟಿಕೆ ಅರಿಷಿಣದಿಂದ.

ಬಸವನ ಬಾಗೇವಾಡಿಯ ಡ್ರಾಯಿಂಗ್ ಮಾಸ್ತರ ಸಂಗಮೇಶನಿಗೆ ಮಾವನ ಹಳೇ ಜೀಪಿನ ಮೇಲೆ ಮೊದಲಿನಿಂದಲೂ ಕಣ್ಣು. ಹೆಣ್ಣು ನೋಡಲು ಹೂವಿನ ಹಿಪ್ಪರಗಿಗೆ ಹೋದವನು ಹೆಣ್ಣಿಗಿಂತ ಮೊದಲು ನೋಡಿದ್ದು ದನದ ಕೊಟ್ಟಿಗೆಯಲ್ಲಿ ನಿಂತಿದ್ದ, ಬೆಕ್ಕು ಮರಿ ಹಾಕಿದ್ದ ಆ ಜೀಪನ್ನೇ ಅಂತ ಹೆಂಡತಿ ಸುನಂದಾ ಇವತ್ತಿಗೂ ಚುಚ್ಚುತ್ತಾಳೆ. ಈ ಬೇಸಿಗೆ ರಜೆಯಲ್ಲಿ ಕೊನೆಗೂ ಮಾವ ಬಸಂತರಾಯರು ಕರಗಿದರು. ಟ್ರ್ಯಾಕ್ಟರಿಗೆ ಕಟ್ಟಿ ಜೀಪು ಕಳಿಸಿದರು, ಜೊತೆಗೊಂದು ಷರತ್ತನ್ನೂ ಕಳಿಸಿದರು.

"ರಿಪೇರಿ ಮಾಡ್ರಿ ಅಳಿಯಾರ. ನಿಮ್ಮ ಮನಿಯಿಂದ ನಮ್ಮ ಮನಿತನಕ ಎಲ್ಲೂ ನಿಲ್ಲದ ನನ್ನ ಮುಟ್ಟಿಸಿದ್ರ ಗಾಡಿ ನಿಮ್ದು. ದಾರಿಯಾಗ ನಿಂತ್ರ ಅಲ್ಲಿಂದನ ಕುತುಬುದ್ದೀನನ ಗುಜರಿಗೆ."

ರಜೆಯೆಲ್ಲ ಸಂಗಮೇಶ ಜೀಪಿನ ಅಡಿಯಲ್ಲೇ ಕಳೆದ. ಎಂಜಿನ್ ಉಸಿರಾಡಿತು, ಬ್ರೇಕು ಹಿಡಿಯಿತು. ಇವತ್ತು ಪರೀಕ್ಷೆಯ ದಿನ. ಮಾವ ಆಗಲೇ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಉಳಿದದ್ದು ಡ್ಯಾಶ್‌ಬೋರ್ಡಿನ ಎರಡು ವೈರು ಮಾತ್ರ: ಒಂದು ಡೀಸೆಲ್ ಮೀಟರಿನದು, ಇನ್ನೊಂದು ಎಂಜಿನ್ ಎಷ್ಟು ಕಾದಿದೆ ಅಂತ ತೋರಿಸುವ ಹೀಟ್ ಮೀಟರಿನದು. ಎರಡೂ ಹಳೇತಾಗಿ ಒಂದೇ ಮಸಿ ಬಣ್ಣಕ್ಕೆ ತಿರುಗಿದ್ದವು. ಗುರುತಿಗೆ ಟೇಪು ಸಿಗಲಿಲ್ಲ. ಸಂಗಮೇಶ ದೇವರ ಜಗಲಿಯಿಂದ ಬಟ್ಟಲು ತಂದು ಡೀಸೆಲ್ಲಿನ ವೈರಿಗೆ ಕುಂಕುಮ, ಹೀಟಿನ ವೈರಿಗೆ ಅರಿಷಿಣ ಹಚ್ಚಿ ಜಳಕಕ್ಕೆ ಹೋದ.

ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ಎರಡು ವೈರಿನ ಮೇಲೂ ಅರಿಷಿಣ, ಎರಡರ ಮೇಲೂ ಕುಂಕುಮ. ಬಾನೆಟ್ಟಿನ ಮೇಲೆ ಊದಿನಕಡ್ಡಿ ಉರಿಯುತ್ತಿತ್ತು.

"ಏ ಸುನಂದಾ, ಏನ ಮಾಡಿದಿ?"

"ಪೂಜಿ ಮಾಡಿದೆ. ಒಂದಕ್ಕ ಬರೇ ಕುಂಕುಮ, ಒಂದಕ್ಕ ಬರೇ ಅರಿಷಿಣ ಹಚ್ಚಿಟ್ಟಿದ್ರಿ. ಹಂಗ ಅರ್ಧಮರ್ಧ ಹಚ್ಚತಾರೇನ್ರಿ? ಗಾಡಿಗೆ ಒಳ್ಳೇದಲ್ಲ."

ಪಕ್ಕದ ಮನೆಯ ಭೀಮಶ್ಯಾ ಕಾಕಾ ಕರೆಯದೇ ಬಂದು ಹಿಂದಿನ ಸೀಟು ಹಿಡಿದಾಗಿತ್ತು. ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಊರ ಗಾಡಿಗಳೆಲ್ಲ ತನ್ನವೇ ಅನ್ನುವ ಅಭಿಮಾನ. "ಯಾವುದಾದ್ರೇನೋ ಮಾಸ್ತರ? ಕರೆಂಟಿಗೆ ಅದರ ದಾರಿ ಗೊತ್ತಿರತೈತಿ. ಜೋಡಿಸು," ಅಂದ. ಮುಂದಿನ ಸೀಟಿಗೆ ಬಂದು ಕೂತ ಮಾವ ರಾಹುಕಾಲ ಹತ್ತಿರ ಬಂತು ಅಂತ ಅವಸರ ಮಾಡಿದರು. ಸಂಗಮೇಶ ಮನೆದೇವರನ್ನು ನೆನೆದು ಕೈಗೆ ಬಂದಂತೆ ಜೋಡಿಸಿದ.

ಚಕ್ರದಡಿ ಲಿಂಬೆಹಣ್ಣು ಚಪ್ಪಟೆಯಾಯಿತು, ಜೀಪು ಹೊರಟಿತು. ಡೀಸೆಲ್ ಮುಳ್ಳು ತಳದಲ್ಲೇ ಮಲಗಿತ್ತು. ಇನ್ನೂ ತಣ್ಣಗಿದ್ದ ಎಂಜಿನ್ನಿನ ಹೀಟ್ ಮುಳ್ಳು ಮಾತ್ರ ಒಂದಿಷ್ಟು ಮೇಲೆ. ನಿನ್ನೆ ತಾನೇ ಕ್ಯಾನಿನಿಂದ ಒಂದಿಷ್ಟು ಡೀಸೆಲ್ ಸುರಿದಿದ್ದ ಸಂಗಮೇಶನಿಗೆ ತಕ್ಷಣ ಹೊಳೆಯಿತು. ವೈರು ಅದಲುಬದಲಾಗಿವೆ. ಬಿಚ್ಚಿ ಹಾಕಬೇಕೆಂದರೆ ನಿಲ್ಲಿಸಬೇಕು, ನಿಲ್ಲಿಸಿದರೆ ಗುಜರಿ.

ಪ್ಯಾಟಿಯ ಎತ್ತು, ಎಮ್ಮೆ, ಟಂಟಂ ಆಟೋಗಳ ನಡುವೆ ತೆವಳುವಷ್ಟರಲ್ಲಿ ಎಂಜಿನ್ ಕಾಯಿತು. ಕಾದಂತೆಲ್ಲ ಡೀಸೆಲ್ ಮುಳ್ಳು ಮೇಲೇರಿತು. ಬಸಂತರಾಯರು ಕನ್ನಡಕ ಸರಿಮಾಡಿಕೊಂಡರು.

"ಅಳಿಯಾರ, ಇದೇನ್ರಿ? ಹೋದಂಗ ಹೋದಂಗ ಡೀಸೆಲ್ ಏರಾಕತ್ತೈತಿ."

"ಮೀಟರು ಹಳೇದ್ರಿ ಮಾವಾರ. ಮುಂದ ಬಂಕಿನಾಗ ಒಂಚೂರು ಹಾಕಿಸ್ಕೊಂಡ..."

"ಯಾಕ್ರಿ? ಅರ್ಧಕ್ಕ ಬಂದೈತಿ. ಬಂಕಿನಾಗ ನಿಂತ್ರೂ ನಿಂತಂಗ. ಮಾತು ಮಾತು."

ಬಂಕು ಬಂತು, ಹೋಯಿತು. ಸಂಗಮೇಶ ಅದನ್ನು ಕನ್ನಡಿಯಲ್ಲಿ ಕಣ್ಣುಮರೆಯಾಗುವವರೆಗೂ ನೋಡಿದ.

ಬಯಲಿಗೆ ಬಂದ ಮೇಲೆ ಡೀಸೆಲ್ ಮುಳ್ಳು ಮುಕ್ಕಾಲಿಗೆ ನಿಂತಿತು, ಹೀಟ್ ಮುಳ್ಳು ಇಳಿಯತೊಡಗಿತು. "ಓಡಿದಂಗ ಎಂಜಿನ್ ತಣ್ಣಗಾಗಾಕತ್ತೈತಿ," ಅಂತ ಮಾವ ಖುಷಿಪಟ್ಟರು. ಆ ತಣ್ಣಗಾಗುವುದರ ಅರ್ಥ ಗೊತ್ತಿದ್ದ ಅಳಿಯನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಭೀಮಶ್ಯಾ ಹಿಂದಿನಿಂದ ಎದುರು ಬಂದವರಿಗೆಲ್ಲ ಕೂಗಿ ಹೇಳುತ್ತಿದ್ದ: "ಡೀಸೆಲ್ ತಾನ ಹುಟ್ಟಸ್ತೈತ್ರಿ ನಮ್ಮ ಮಾಸ್ತರನ ಗಾಡಿ." ಒಬ್ಬ ಮೋಟರಸೈಕಲ್ ತಿರುಗಿಸಿಕೊಂಡು ಬೆನ್ನಿಗೇ ಬಿದ್ದ.

ಹಿಪ್ಪರಗಿಯ ಅಗಸಿ ಬಾಗಿಲು ಕಾಣುವ ಹೊತ್ತಿಗೆ ಹೀಟ್ ಮುಳ್ಳು ತಳ ಕಂಡಿತು. ಜೀಪು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಸುಮ್ಮನಾಯಿತು. ಪುಣ್ಯಕ್ಕೆ ಅಲ್ಲಿಂದ ಮಾವನ ಮನೆಗೆ ಇಳಿಜಾರು. ಸಂಗಮೇಶ ಉರುಳಿಸಿಕೊಂಡೇ ಬಂದು ಸರಿಯಾಗಿ ಬಾಗಿಲ ಮುಂದೆ ನಿಲ್ಲಿಸಿದ. ಗೆದ್ದಿದ್ದ. ಕಣ್ಣಲ್ಲಿ ನೀರೇ ಬಂತು ಅವನಿಗೆ.

ಅತ್ತೆ ಇಂದುಬಾಯಿ ಆರತಿ ತಂದರು. ಬಸಂತರಾಯರು ಇಳಿದು ಜೀಪನ್ನು ಎತ್ತಿನ ಹಾಗೆ ಸವರಿದರು.

"ಕಡೀಕ ಎಂಜಿನ್ ಸಪ್ಪಳನೂ ಇಲ್ಲದ ಬಂತು ನೋಡ್ರಿ. ಅಳಿಯಾರ, ತಪ್ಪ ತಿಳೀಬ್ಯಾಡ್ರಿ. ಡೀಸೆಲ್ ಹುಟ್ಟಿಸೋ ಗಾಡಿ ನಾ ಹ್ಯಾಂಗ ಬಿಡ್ಲಿ?"

"ಮಾವಾರ, ಮಾತು ಮಾತು ಅಂದಿದ್ರಿ..."

"ಅಂದಿದ್ದೆ. ಆಗ ಹಳೇ ಗಾಡಿ ಇತ್ತು. ಇದು ಅದಲ್ಲ."

ಇನ್ನು ಮುಚ್ಚಿಟ್ಟು ಫಲವಿಲ್ಲ ಅಂತ ಸಂಗಮೇಶ ಎಲ್ಲ ಹೇಳಿಬಿಟ್ಟ. ವೈರು ಅದಲುಬದಲಾದದ್ದು, ಮುಳ್ಳು ಸುಳ್ಳು ತೋರಿಸಿದ್ದು, ಟಾಕಿಯಲ್ಲಿ ಹನಿ ಡೀಸೆಲ್ಲೂ ಇಲ್ಲದ್ದು. ಮಾವ ನಂಬಲಿಲ್ಲ. ಜೋಳದ ದಂಟೊಂದನ್ನು ತರಿಸಿ ತಾವೇ ಟಾಕಿಗೆ ಇಳಿಸಿ ತೆಗೆದರು. ದಂಟು ಒಣಗಿದ್ದು ಒಣಗಿದ ಹಾಗೇ ಹೊರಬಂತು. ಸಂಗಮೇಶನಿಗೆ ಜೀವ ಬಂದಂತಾಯಿತು.

ಬಸಂತರಾಯರು ದಂಟನ್ನು ನೆರೆದವರಿಗೆಲ್ಲ ತೋರಿಸಿದರು.

"ನೋಡ್ರಪಾ. ಟಾಕಿ ಒಣಾ ಒಣಾ. ಆದ್ರೂ ಮನಿತನಕ ಬಂದೈತಿ. ಡೀಸೆಲ್ ಇಲ್ಲದನ ಓಡತೈತಿ ಇದು."

ಅಲ್ಲಿಗೆ ಮುಗಿಯಿತು. ಜೀಪು ಕೊಟ್ಟಿಗೆ ಸೇರಿತು. ಆದರೆ ಮಾವ ಕಲ್ಲು ಮನಸ್ಸಿನವರೇನಲ್ಲ. ಮೂಲೆಯಲ್ಲಿ ಹುಲ್ಲಿನಡಿ ಬಿದ್ದಿದ್ದ ತಮ್ಮ ಕಾಲದ ಮೋಟರಸೈಕಲ್ ತೋರಿಸಿ, "ಇದನ್ನೂ ಹಂಗ ಮಾಡಿಕೊಡ್ರಿ, ಖರೇನ ನಿಮಗ ಕೊಡ್ತೇನಿ," ಅಂದರು. ಸಂಗಮೇಶ ಸಿಟ್ಟಿನಿಂದಲೇ ಹುಲ್ಲು ಸರಿಸಿದ. ಎಂಜಿನ್ ಗಟ್ಟಿ ಇತ್ತು. ಅವನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಸಂಜೆ ಮೋಟರಸೈಕಲ್ಲಿನ ಮೀಟರು ಬಿಚ್ಚಿ, ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದ. ಈ ಸಲ ವೈರಿಗೆ ಗುರುತು ಸುಣ್ಣದಲ್ಲೇ ಅಂತ ದಾರಿಯಲ್ಲೇ ನಿಶ್ಚಯಿಸಿದ್ದ. ಮನೆಯ ಬಾಗಿಲಲ್ಲಿ ಸುನಂದಾ ತಾಟು ಹಿಡಿದು ನಿಂತಿದ್ದಳು.

"ಅಪ್ಪ ಫೋನ್ ಮಾಡಿದ್ದ. ಎಲ್ಲಾ ನನ್ನ ಪೂಜಿಯಿಂದನ ಆತಂತ," ಅಂದವಳೇ ಮೀಟರು ಇಸಿದುಕೊಂಡು, ಅದರಿಂದ ಜೋತಾಡುತ್ತಿದ್ದ ಒಂದೊಂದೇ ವೈರಿಗೆ ಅರಿಷಿಣ ಕುಂಕುಮ ಹಚ್ಚತೊಡಗಿದಳು.